ಲೆಫ್ಟ್ ಮ್ಯಾಗ್ನೆಟೊಗೆ ತಿರುಗಿಸಿದ ಕೂಡಲೇ ಎಂಜಿನ್ ನಡುಗುತ್ತದೆ, ಪ್ಲಗ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಹೊಸನಗರದ ಹುಡುಗಿ:

ನಮಸ್ಕಾರ. ನಾನು ಹೊಸನಗರ ಕಡೆಯವಳು. ಹೊರ ರಾಜ್ಯದಲ್ಲಿ ಪೈಲಟ್ ತರಬೇತಿ ನಡೆಯುತ್ತಿದೆ, ಮಳೆಗೆ ಹಾರಾಟ ನಿಂತಿದೆ ಅಂತ ಸ್ವಲ್ಪ ದಿನ ಊರಿಗೆ ಬಂದಿದ್ದೇನೆ. ಇಲ್ಲಿ ಎಂಜಿನ್ ಬಲ್ಲವರು ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ನಾವು ಹಾರಿಸುವುದು ಹಳೆಯ ಸೆಸ್ನಾ 172. ಲೈಕಮಿಂಗ್ ಓ-320 ಎಂಜಿನ್, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್ ಇರುವಂಥದ್ದು. ಟೇಕಾಫ್‌ಗೆ ಮುಂಚೆ 1700 ಆರ್‌ಪಿಎಂಗೆ ಏರಿಸಿ ಮ್ಯಾಗ್ನೆಟೊ (ಪ್ಲಗ್ಗಿಗೆ ಕಿಡಿ ಕೊಡುವ ಸಾಧನ, ಲೆಫ್ಟ್ ರೈಟ್ ಅಂತ ಎರಡು ಇವೆ) ಚೆಕ್ ಮಾಡುತ್ತೇವಲ್ಲ, ಅಲ್ಲೇ ತೊಂದರೆ. ಕೀ ರೈಟ್‌ಗೆ ತಿರುಗಿಸಿದರೆ 60-70 ಇಳಿಯುತ್ತದೆ, ಎಂಜಿನ್ ನಯವಾಗಿ ಓಡುತ್ತದೆ. ಲೆಫ್ಟ್‌ಗೆ ತಿರುಗಿಸಿದರೆ 200ರ ಹತ್ತಿರ ಇಳಿದು ಇಡೀ ಪ್ಯಾನೆಲ್ ನಡುಗುತ್ತದೆ. ಎರಡೂ ಒಟ್ಟಿಗೆ ಕೆಲಸ ಮಾಡುವ ಬೋತ್‌ಗೆ ತಂದರೆ ಏನೂ ಆಗಿಲ್ಲ ಅನ್ನುವ ಹಾಗೆ ಸರಿಯಾಗುತ್ತದೆ.

ಇನ್‌ಸ್ಟ್ರಕ್ಟರ್ ಮಿಕ್ಸ್ಚರ್ (ಗಾಳಿಗೆ ಎಷ್ಟು ಪೆಟ್ರೋಲ್ ಸೇರಬೇಕು ಅನ್ನುವುದರ ಹಿಡಿ) ಹಿಂದೆ ಎಳೆದು, ಪೆಟ್ರೋಲ್ ಕಡಿಮೆ ಮಾಡಿ, ಸ್ವಲ್ಪ ಹೊತ್ತು ಜೋರಾಗಿ ಓಡಿಸಿದರು. ಆಮೇಲೆ ಚೆಕ್ ಮಾಡಿದರೆ 90 ಮಾತ್ರ ಇಳಿಯಿತು, ನಡುಕ ಇಲ್ಲ. ಹಾರಿದೆವು, ಏನೂ ತೊಂದರೆ ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಇನ್ನೊಂದು ವಿಷಯ ಹೇಳಬೇಕು: ಮಳೆ ಹಿಡಿದ ಮೇಲೆ ಈ ವಿಮಾನ ಹಾರಿದ್ದು ಕಡಿಮೆ. ಎಂಜಿನ್ ಕೆಡಬಾರದು ಅಂತ ದಿನಾ ನಿಂತಲ್ಲೇ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಇಡುತ್ತಿದ್ದರು.

ಎಂಟು ಪ್ಲಗ್‌ಗಳಲ್ಲಿ ಯಾವುದು ಅಂತ ಹೇಗೆ ಹುಡುಕುವುದು? ಪ್ಲಗ್ಗೇ ಕೆಟ್ಟಿದೆಯೋ, ವೈರೋ, ಮ್ಯಾಗ್ನೆಟೊನೋ? ಮತ್ತೆ, ಹೀಗೆ ದಿನಾ ಸುಟ್ಟು ಸರಿ ಮಾಡಿಕೊಂಡು ಹಾರುವುದು ಸರಿಯಾ?

ತೀರ್ಥಹಳ್ಳಿ ಗ್ಯಾರೇಜ್:

ಮೇಡಂ, ವಿಮಾನ ನಾನು ಮುಟ್ಟಿಲ್ಲ, ಮುಟ್ಟಿದ್ದೇನೆ ಅಂತ ಹೇಳುವುದೂ ಇಲ್ಲ. ನನ್ನದು ವೀಡ್ ಕಟರ್, ಔಷಧಿ ಹೊಡೆಯುವ ಪಂಪು, ಚೈನ್ ಸಾ. ಕೊಳೆ ಔಷಧಿ ಸೀಸನ್ನಿನಲ್ಲಿ ಅಂಗಡಿ ಮುಂದೆ ಸಾಲು ನಿಂತಿರುತ್ತವೆ, ಅದರಲ್ಲಿ ಅರ್ಧಕ್ಕರ್ಧ ಪ್ಲಗ್ಗಿನ ಕೇಸೇ. ನೀವು ಬರೆದ ಕೊನೇ ವಿಷಯ ಓದಿದ ತಕ್ಷಣ ನನಗೆ ಅನಿಸಿದ್ದು, ನಿಂತಲ್ಲೇ ಓಡಿಸಿದ್ದೇ ಕಾರಣ. ತೋಟದಲ್ಲಿ ಆಳುಗಳು ಕಟರ್ ಆಫ್ ಮಾಡದೆ ಐಡಲ್‌ನಲ್ಲಿ ಇಟ್ಟು ಎಲೆ ಅಡಿಕೆ ಹಾಕಲು ಕೂರುತ್ತಾರೆ, ಅಷ್ಟರಲ್ಲಿ ಪ್ಲಗ್ ಕಪ್ಪಾಗಿ ಒದ್ದೆಯಾಗಿರುತ್ತದೆ. ಬಿಸಿ ಸಾಲದೆ ಎಣ್ಣೆ ಉರಿಯುವುದಿಲ್ಲ, ತುದಿಗೆ ಕಟ್ಟುತ್ತದೆ.

ನಾನು ಮೊದಲು ಮಾಡುವುದು ಬೇರೆ ಮೆಷಿನ್ನಿನ ಒಳ್ಳೆ ಪ್ಲಗ್ ಹಾಕಿ ನೋಡುವುದು. ಓಡಿದರೆ ಪ್ಲಗ್, ಓಡದಿದ್ದರೆ ಕಾಯಿಲ್. ನಿಮ್ಮಲ್ಲೂ ಹಾಗೆ ಮಾಡಬಹುದಲ್ವಾ? ಮತ್ತೆ ಒಂದು ಸಿಲಿಂಡರಿಗೆ ಎರಡೆರಡು ಪ್ಲಗ್ ಯಾಕೆ ಅಂತ ಯಾರಾದರೂ ಹೇಳಿ, ತಿಳಿದುಕೊಳ್ಳುವ ಆಸೆ.

ಸಾಗರದ ಎಎಂಇ:

ನೋಡಮ್ಮಾ, ಕೌಲಿಂಗ್ (ಎಂಜಿನ್ ಮುಚ್ಚಳ) ಬಿಚ್ಚುವ ಮುಂಚೆಯೇ ಮುಕ್ಕಾಲು ಉತ್ತರ ಸಿಕ್ಕಿಬಿಡುತ್ತದೆ. ನೀನು ಬರೆದಿದ್ದರಲ್ಲೇ ಇದೆ. ನಾನು ಎಎಂಇ, ಅಂದರೆ ವಿಮಾನ ದುರಸ್ತಿ ಎಂಜಿನಿಯರ್, ನಿವೃತ್ತನಾಗಿ ಊರು ಸೇರಿದ್ದೇನೆ, ಆದರೆ ಈ ಎಂಜಿನ್‌ಗಳ ಜೊತೆ ಬಹಳ ವರ್ಷ ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಗ್ಯಾರೇಜ್ ಅವರಿಗೆ. ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡು ಪ್ಲಗ್. ಒಂದು ಕಡೆ ಪೂರ್ತಿ ಸತ್ತರೂ ಇನ್ನೊಂದರ ಮೇಲೆ ಮನೆಗೆ ಬರಬಹುದು. ಜೊತೆಗೆ ಅಗಲವಾದ ಸಿಲಿಂಡರ್, ಎರಡು ಕಡೆಯಿಂದ ಬೆಂಕಿ ಹತ್ತಿದರೆ ಚೆನ್ನಾಗಿ ಉರಿಯುತ್ತದೆ. ಒಂದೇ ಮ್ಯಾಗ್ನೆಟೊ ಮೇಲೆ ಹಾಕಿದಾಗ ಆರ್‌ಪಿಎಂ ಇಳಿಯುವುದು ಇದಕ್ಕೇ, ಇಳಿಯಲೇಬೇಕು. ಬ್ಯಾಟರಿ ಇಲ್ಲದಿದ್ದರೂ ಮ್ಯಾಗ್ನೆಟೊ ಕಿಡಿ ಕೊಡುತ್ತದೆ.

ಈಗ ನಿನ್ನ ಲೆಕ್ಕ. 172ರ ಪುಸ್ತಕದಲ್ಲಿ ಇರುವುದು ಯಾವ ಮ್ಯಾಗ್ನೆಟೊ ಮೇಲೂ 125ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ. ನಿನ್ನದು ಎರಡೂ ದಾಟಿದೆ. ಆದರೆ ಅಂಕಿಗಿಂತ ಮುಖ್ಯವಾದದ್ದು ನಡುಕ. ಜಾಸ್ತಿ ಇಳಿದರೂ ಎಂಜಿನ್ ನಯವಾಗಿದ್ದರೆ ನಾನು ಮಿಕ್ಸ್ಚರ್ ನೋಡುತ್ತೇನೆ, ಇಲ್ಲ ಮ್ಯಾಗ್ನೆಟೊ ಟೈಮಿಂಗ್ ನೋಡುತ್ತೇನೆ, ಯಾಕೆಂದರೆ ಅವು ಎಲ್ಲ ಸಿಲಿಂಡರಿಗೂ ಒಂದೇ ಸಮ ತಾಗುತ್ತವೆ. ಇಳಿಯುವ ಜೊತೆಗೆ ನಡುಗಿದರೆ ಒಂದು ಸಿಲಿಂಡರ್ ಉರಿಯುತ್ತಲೇ ಇಲ್ಲ ಅಂತ. ಅಂದರೆ ಒಂದು ಪ್ಲಗ್, ಅಥವಾ ಆ ಪ್ಲಗ್ಗಿಗೆ ಹೋಗುವ ವೈರು.

ಕೀ ಲೆಫ್ಟ್‌ಗೆ ತಿರುಗಿಸಿದಾಗ ರೈಟ್ ಮ್ಯಾಗ್ನೆಟೊ ಅರ್ಥ್ ಆಗಿ ಸುಮ್ಮನಾಗುತ್ತದೆ, ಲೆಫ್ಟ್ ಒಂದೇ ಕೆಲಸ ಮಾಡುತ್ತದೆ. ನಡುಗಿದ್ದು ಆಗ. ಹಾಗಾಗಿ ರೈಟ್‌ನ ನಾಲ್ಕು ಪ್ಲಗ್ ಬಿಟ್ಟುಬಿಡು. 172ರಲ್ಲಿ ಲೆಫ್ಟ್ ಮ್ಯಾಗ್ನೆಟೊ ಕಿಡಿ ಕೊಡುವುದು ಎಡಗಡೆ ಸಿಲಿಂಡರ್‌ಗಳ ಕೆಳಗಿನ ಪ್ಲಗ್ಗಿಗೆ ಮತ್ತು ಬಲಗಡೆಯವುಗಳ ಮೇಲಿನ ಪ್ಲಗ್ಗಿಗೆ. ಲೈಕಮಿಂಗ್ ನಂಬರಿನಲ್ಲಿ ಬಲಗಡೆ 1 ಮತ್ತು 3, ಎಡಗಡೆ 2 ಮತ್ತು 4, ಮುಂದಿನವು 1 ಮತ್ತು 2. ಎಣ್ಣೆಯಾಗಲಿ ಸೀಸವಾಗಲಿ ಇಳಿದು ನಿಲ್ಲುವುದು ಕೆಳಗಿನ ಪ್ಲಗ್ಗಿನಲ್ಲಿ. ಹಾಗಾಗಿ ನನ್ನ ಅನುಮಾನ 2 ಮತ್ತು 4ರ ಕೆಳಗಿನವುಗಳ ಮೇಲೆ. ಎಂಟರಿಂದ ಎರಡಕ್ಕೆ ಬಂದೆವು, ಇನ್ನೂ ಸ್ಪ್ಯಾನರ್ ಮುಟ್ಟಿಲ್ಲ.

ಈ ಎರಡರಲ್ಲಿ ಯಾವುದು ಅನ್ನುವುದಕ್ಕೆ ತಣ್ಣಗಿನ ಸಿಲಿಂಡರ್ ಹುಡುಕಬೇಕು. ಎಂಜಿನಿಯರ್ ಎಂಜಿನ್ನನ್ನು ಲೆಫ್ಟ್ ಒಂದರ ಮೇಲೇ ಸ್ವಲ್ಪ ಹೊತ್ತು ಓಡಿಸಿ ಅದರ ಮೇಲೇ ನಿಲ್ಲಿಸುತ್ತಾರೆ. ಕೂಡಲೇ ನಾಲ್ಕೂ ಎಕ್ಸಾಸ್ಟ್ ಪೈಪಿಗೆ, ಸಿಲಿಂಡರ್‌ನಿಂದ ಒಂದೇ ದೂರದಲ್ಲಿ, ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯುತ್ತಾರೆ. ಹೊಳೆಯುವ ಲೋಹದ ಮೇಲೆ ಅದು ತೋರಿಸುವ ಡಿಗ್ರಿ ನಿಜವಾದದ್ದಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು, ಒಂದನ್ನೊಂದು ಹೋಲಿಸಿದರೆ ಸಾಕು. ಉರಿಯದೇ ಇದ್ದದ್ದು ಎದ್ದು ಕಾಣುತ್ತದೆ. ವಿಮಾನದಲ್ಲಿ ಪ್ರತಿ ಸಿಲಿಂಡರಿಗೂ ಇಜಿಟಿ (ಎಕ್ಸಾಸ್ಟ್ ಹೊಗೆಯ ಬಿಸಿ) ತೋರಿಸುವ ಮಾನಿಟರ್ ಇದ್ದರೆ ಇದೂ ಬೇಡ. ಒಂದು ಮ್ಯಾಗ್ನೆಟೊಗೆ ಹಾಕಿದಾಗ ಇಜಿಟಿ ಎಲ್ಲ ಮೇಲೇರಬೇಕು. ಯಾವುದು ಬಿದ್ದುಹೋಗುತ್ತದೋ ಅದೇ ಕಳ್ಳ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ಮಾಡುವಾಗ ಪ್ರೊಪೆಲ್ಲರ್ ಹತ್ತಿರ ಕೈ, ತಲೆ ಹೋಗಬಾರದು, ಎಂಜಿನ್ ನಿಂತಿದೆ, ಕೀ ಆಫ್ ಇದೆ ಅಂದರೂ ಸರಿ. ಮ್ಯಾಗ್ನೆಟೊದ ಅರ್ಥ್ ವೈರ್ ಒಳಗೆ ಎಲ್ಲೋ ತುಂಡಾಗಿದ್ದರೆ ಆಫ್ ಇದ್ದರೂ ಕಿಡಿ ಬರುತ್ತದೆ, ಬಿಸಿ ಎಂಜಿನ್ ಕೈಯಲ್ಲಿ ಸ್ವಲ್ಪ ತಿರುಗಿಸಿದರೂ ಹೊಡೆಯುತ್ತದೆ. ಹಾಗೆಯೇ ಮ್ಯಾಗ್ನೆಟೊ ಚೆಕ್‌ನಲ್ಲಿ ಒಂದು ಕಡೆ ಸ್ವಲ್ಪವೂ ಇಳಿಯದಿದ್ದರೆ ಖುಷಿಪಡಬೇಡ. ಇನ್ನೊಂದು ಮ್ಯಾಗ್ನೆಟೊ ಆಫ್ ಆಗುತ್ತಿಲ್ಲ ಅಂತ ಅರ್ಥ ಇರಬಹುದು.

ಪ್ಲಗ್ ಬಿಚ್ಚಿದ ಮೇಲೆ ಅದು ಏನು ಹೇಳುತ್ತದೆ ಅಂತ ನೋಡಬೇಕು. ಒಣ ಕಪ್ಪು ಮಸಿ, ಬೆರಳಿಗೆ ಹತ್ತುವಂಥದ್ದು ಅಂದರೆ ಪೆಟ್ರೋಲ್ ಜಾಸ್ತಿ, ಮಿಕ್ಸ್ಚರ್ ರಿಚ್. ಒದ್ದೆ, ಹೊಳೆಯುವ ಕಪ್ಪು ಅಂದರೆ ಎಣ್ಣೆ. ಕೆಳಗಿನ ಪ್ಲಗ್ಗಿನಲ್ಲಿ ಸ್ವಲ್ಪ ಎಣ್ಣೆ ಇದ್ದರೆ ನಾನು ಹೆದರುವುದಿಲ್ಲ, ಮೇಲಿನದರಲ್ಲೂ ಇದ್ದರೆ ರಿಂಗ್ ಮತ್ತು ವಾಲ್ವ್ ಗೈಡ್ ಕಡೆ ನೋಡಬೇಕು, ಕಂಪ್ರೆಷನ್ ತೆಗೆಯಬೇಕು. ಮೂರನೆಯದು ಸೀಸ. ಬಿಳಿ ಬೂದು ಬಣ್ಣದ ಗಟ್ಟಿ ಗುಂಡುಗಳು, ಸಾಸಿವೆ ಕಾಳಿನಷ್ಟು, ಪಿಂಗಾಣಿಗೂ ಹೊರಗಿನ ಲೋಹಕ್ಕೂ ನಡುವಿನ ಸಂದಿಯಲ್ಲಿ ಕೂತಿರುತ್ತವೆ. ಕಿಡಿ ಹಾರುವ ಬದಲು ವಿದ್ಯುತ್ ಅದರ ಮೂಲಕ ಸುಮ್ಮನೆ ಹರಿದು ಹೋಗುತ್ತದೆ. ಇನ್ನು ಪಿಂಗಾಣಿಯೇ ಸೀಳಿದ್ದರೆ ಆ ಪ್ಲಗ್ ಕಸಕ್ಕೆ, ಅದರ ಬಗ್ಗೆ ಚರ್ಚೆ ಬೇಡ, ಬಿಸಿ ಚೂರಿನಿಂದ ಸಿಲಿಂಡರ್ ಒಳಗೆ ಹೊತ್ತಿಗೆ ಮುಂಚೆ ಬೆಂಕಿ ಹತ್ತಿ ಪಿಸ್ಟನ್ ಹೋಗುತ್ತದೆ.

ಗ್ಯಾರೇಜ್ ಅವರು ಹೇಳಿದ ಅದಲು ಬದಲು ನಾವೂ ಮಾಡುತ್ತೇವೆ. 4ರ ಕೆಳಗಿನ ಪ್ಲಗ್ 2ಕ್ಕೆ ಹಾಕಿ, 2ರದ್ದು 4ಕ್ಕೆ. ತೊಂದರೆ ಪ್ಲಗ್ ಜೊತೆ ಹೋದರೆ ಪ್ಲಗ್ಗೇ ತಪ್ಪು. ಅಲ್ಲೇ ಉಳಿದರೆ ವೈರು, ಇಲ್ಲ ಮ್ಯಾಗ್ನೆಟೊ ಒಳಗಿನ ಡಿಸ್ಟ್ರಿಬ್ಯೂಟರ್, ಇಲ್ಲ ಆ ಸಿಲಿಂಡರ್. ಸ್ವಚ್ಛವಾಗಿ ಕಾಣುವ ಪ್ಲಗ್ಗೂ ಸತ್ತಿರಬಹುದು, ಅದನ್ನು ಮೀಟರ್ ಹಿಡಿದು ನೋಡಬೇಕು: ಒಳಗಿನ ರೆಸಿಸ್ಟರ್ 5000 ಓಮ್ ದಾಟಿದ್ದರೆ ನಾನು ಮತ್ತೆ ಹಾಕುವುದಿಲ್ಲ.

ಕಾರಣದ ಬಗ್ಗೆ ನಾಳೆ ಬರೆಯುತ್ತೇನೆ. ಇಲ್ಲಿ ಕರೆಂಟ್ ಹೋಗಿದೆ, ಫೋನಿನಲ್ಲಿ ಚಾರ್ಜ್ ಇಲ್ಲ.

ಕೊಪ್ಪ ಪೈಲಟ್:

ಸರ್ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ, ಯಾಕೆಂದರೆ ನಮ್ಮ ಕಡೆಯ ಹವೆಯಲ್ಲಿ ಇದು ಬಹಳ ಜನಕ್ಕೆ ಗೊಂದಲ ಮಾಡುತ್ತದೆ. ಎಂಜಿನ್ ನಡುಗಿತು ಅಂದ ಕೂಡಲೇ ಪ್ಲಗ್ ಅನ್ನಬೇಡಿ, ಕಾರ್ಬ್ಯುರೇಟರ್ ಒಳಗೆ ಮಂಜು (ಐಸ್) ಕಟ್ಟಿದರೂ ಹೀಗೇ ನಡುಗುತ್ತದೆ. ಮಂಜು ಅಂದರೆ ಚಳಿ ದೇಶದ್ದು ಅಂದುಕೊಳ್ಳುತ್ತಾರೆ, ಹಾಗಲ್ಲ. ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ 20 ಡಿಗ್ರಿಗೂ ಜಾಸ್ತಿ ತಣ್ಣಗಾಗಬಹುದು. ಹೊರಗೆ 22 ಡಿಗ್ರಿ, ಜಡಿಮಳೆ ನಿಂತು ಮೋಡ ಗುಡ್ಡಕ್ಕೆ ತಾಗಿಕೊಂಡಿದೆ, ಗಾಳಿಯಲ್ಲಿ ನೀರೇ ನೀರು, ನೀವು ಪವರ್ ಕಡಿಮೆ ಮಾಡಿ ಇಳಿಯುತ್ತಿದ್ದೀರಿ. ಮಂಜು ಕಟ್ಟಲು ಇದಕ್ಕಿಂತ ಒಳ್ಳೆ ಹವೆ ಬೇಡ.

ಗುರುತಿಸುವುದು ಸುಲಭ. ಪ್ಲಗ್ ತೊಂದರೆ ಒಂದು ಮ್ಯಾಗ್ನೆಟೊ ಮೇಲೆ ಮಾತ್ರ ಎದ್ದು ಕಾಣುತ್ತದೆ. ಮಂಜಾದರೆ ಲೆಫ್ಟ್, ರೈಟ್, ಬೋತ್ ಎಲ್ಲದರಲ್ಲೂ ಎಂಜಿನ್ ಕುಗ್ಗುತ್ತದೆ. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಎಳೆಯಿರಿ. ಆರ್‌ಪಿಎಂ ಇಳಿದು ಅಲ್ಲೇ ನಿಂತರೆ ಮಂಜಿಲ್ಲ. ಇಳಿದು, ಇನ್ನೂ ಸ್ವಲ್ಪ ಒರಟಾಗಿ, ಆಮೇಲೆ ತಾನಾಗಿ ಏರತೊಡಗಿದರೆ ಮಂಜು ಕರಗಿ ನೀರು ಎಂಜಿನ್ ಒಳಗೆ ಹೋಗುತ್ತಿದೆ ಅಂತ. ಆ ಒರಟು ಶಬ್ದಕ್ಕೆ ಹೆದರಿ ಹೀಟ್ ವಾಪಸ್ ಒತ್ತಬೇಡಿ.

ಮಳೆಯಲ್ಲಿ ಹೊರಗೆ ನಿಂತ ವಿಮಾನದಲ್ಲಿ ವೈರಿಂಗಿಗೂ ತೇವ ಹೋಗುತ್ತದೆ, ಅದೂ ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮಿಸ್ ಹೊಡೆಸುತ್ತದೆ. ಆದರೆ ಅದು ಎಂಜಿನ್ ಬಿಸಿಯಾದ ಮೇಲೆ ತಾನಾಗಿ ಹೋಗುತ್ತದೆ, ಮಿಕ್ಸ್ಚರ್ ಎಳೆದು ಸುಡಬೇಕಾಗಿಲ್ಲ. ನಿಮ್ಮದು ಲೀನ್ ಮಾಡಿ (ಪೆಟ್ರೋಲ್ ಕಡಿಮೆ ಮಾಡಿ) ಓಡಿಸಿದ ಮೇಲೆ ಹೋಯಿತು ಅಂದಿದ್ದೀರಿ, ಹಾಗಾಗಿ ನನಗೂ ಪ್ಲಗ್ ಅಂತಲೇ ಅನಿಸುತ್ತದೆ.

ಹೊಸನಗರದ ಹುಡುಗಿ:

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎಂಟರಿಂದ ಎರಡಕ್ಕೆ ಬಂದದ್ದು ನೋಡಿ ಖುಷಿಯಾಯಿತು. ನೀವು ಬರೆದದ್ದನ್ನು ಅಲ್ಲಿನ ಎಂಜಿನಿಯರಿಗೆ ಕಳಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ನೆಲದ ಮೇಲೆ ಮಿಕ್ಸ್ಚರ್ ಫುಲ್ ರಿಚ್ ಇರಬೇಕು, ಲೀನ್ ಮಾಡಿದರೆ ಎಂಜಿನ್ ಸುಟ್ಟುಹೋಗುತ್ತದೆ ಅಂತ ನಮ್ಮ ಬ್ಯಾಚಿನಲ್ಲಿ ಎಲ್ಲರೂ ನಂಬಿದ್ದಾರೆ. ಅದು ತಪ್ಪಾ?

ಸಾಗರದ ಎಎಂಇ:

ಕರೆಂಟ್ ಬಂತು. ಕಾರಣದಿಂದ ಶುರು ಮಾಡುತ್ತೇನೆ, ಅದರಲ್ಲೇ ಉತ್ತರ ಇದೆ.

ನಾವು ಹಾಕುವ 100ಎಲ್‌ಎಲ್ ಪೆಟ್ರೋಲ್, ನೀಲಿ ಬಣ್ಣದ್ದು. ಎಲ್‌ಎಲ್ ಅಂದರೆ ಲೋ ಲೆಡ್. ಹಾಗಂದರೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಹಿಂದೆ ಇದ್ದ ಹಸಿರು ಬಣ್ಣದ 100/130ರಲ್ಲಿ ಇದರ ದುಪ್ಪಟ್ಟು ಇತ್ತು, ಅದಕ್ಕೆ ಹೋಲಿಸಿ ಲೋ. ಹಳೆಯ ಕಾಲದ ಕೆಲವು ಸಣ್ಣ ಎಂಜಿನ್‌ಗಳನ್ನು ಕಟ್ಟಿದ್ದೇ 80/87 ಪೆಟ್ರೋಲಿಗೆ, ಅದರಲ್ಲಿ 0.14 ಗ್ರಾಂ ಮಾತ್ರ. ಅಂಥ ಎಂಜಿನ್ ಈಗ ನಾಲ್ಕು ಪಟ್ಟು ಸೀಸ ಕುಡಿಯುತ್ತಿದೆ. ಸೊಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಬರುವ ಎಟಿಆರ್ ವಿಮಾನಕ್ಕೆ ಈ ತಲೆನೋವು ಇಲ್ಲ, ಅದು ಟರ್ಬೈನ್, ಸೀಮೆಎಣ್ಣೆ ಜಾತಿಯ ಇಂಧನ. ಸಣ್ಣ ಪಿಸ್ಟನ್ ವಿಮಾನಕ್ಕೆ ಮಾತ್ರ ಈ ಪೆಟ್ರೋಲ್ ಬೇಕು. ನಮ್ಮಲ್ಲಿ ಮೊದಲು ಹೊರದೇಶದಿಂದ ತರಿಸುತ್ತಿದ್ದರು, 2022ರಿಂದ ಇಂಡಿಯನ್ ಆಯಿಲ್ ವಡೋದರದ ರಿಫೈನರಿಯಲ್ಲಿ ಮಾಡುತ್ತಿದೆ.

ಸೀಸ ಹೊರಗೆ ಹೋಗಲಿ ಅಂತ ಪೆಟ್ರೋಲಿನಲ್ಲೇ ಬ್ರೋಮಿನ್ ಇರುವ ಇನ್ನೊಂದು ರಾಸಾಯನಿಕ ಸೇರಿಸಿರುತ್ತಾರೆ. ಅದು ಸೀಸವನ್ನು ಹಿಡಿದು ಆವಿಯಾಗಿಸಿ ಎಕ್ಸಾಸ್ಟಿನಲ್ಲಿ ಕಳಿಸುತ್ತದೆ. ಆದರೆ ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಮಾತ್ರ. ನಿಂತಲ್ಲೇ 700-800 ಆರ್‌ಪಿಎಂನಲ್ಲಿ, ಫುಲ್ ರಿಚ್‌ನಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಸೀಸ ಅಲ್ಲೇ ಕೂರುತ್ತದೆ. ಫುಲ್ ರಿಚ್ ಅನ್ನುವುದನ್ನು ಸಮುದ್ರ ಮಟ್ಟದಲ್ಲಿ, ಪೂರ್ತಿ ಪವರ್‌ನಲ್ಲಿ ಎಂಜಿನ್ ತಂಪಾಗಿರಲಿ ಅಂತ ಇಟ್ಟಿರುವುದು. ಶಿವಮೊಗ್ಗವೇ 570 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಅದೇ ಮಿಕ್ಸ್ಚರ್ ಇಲ್ಲಿ ಇನ್ನೂ ರಿಚ್ ಆಗುತ್ತದೆ.

ಲೀನ್ ಮಾಡಿದರೆ ಸುಡುತ್ತದೆ ಅನ್ನುವುದು ಜಾಸ್ತಿ ಪವರ್‌ನ ಮಾತು. ಟ್ಯಾಕ್ಸಿ ಮಾಡುವಾಗ ಎಂಜಿನ್ ತಯಾರಿಸುವ ಪವರ್ ಎಷ್ಟು? ಸುಡುವಷ್ಟು ಶಾಖವೇ ಇಲ್ಲ. ಲೀನ್ ಮಾಡುವುದಾದರೆ ಧಾರಾಳವಾಗಿ ಮಾಡು, ಥ್ರಾಟಲ್ ಕೊಟ್ಟರೆ ಎಂಜಿನ್ ತಡವರಿಸಬೇಕು, ಅಷ್ಟು. ಅರ್ಧಂಬರ್ಧ ಮಾಡಿದರೆ ಮರೆತು ಅದರಲ್ಲೇ ಟೇಕಾಫ್‌ಗೆ ಹೋಗುವ ಅಪಾಯ ಇದೆ, ಪೂರ್ತಿ ಮಾಡಿದ್ದರೆ ಎಂಜಿನ್ನೇ ಹೋಗಲು ಬಿಡುವುದಿಲ್ಲ. ಆದರೆ ನೀನು ವಿದ್ಯಾರ್ಥಿ, ನನ್ನ ಮಾತು ಕೇಳಿ ಅಲ್ಲಿ ನೀನಾಗಿ ಶುರು ಮಾಡಬೇಡ. ಇನ್‌ಸ್ಟ್ರಕ್ಟರ್ ಜೊತೆ ಕೂತು ವಿಮಾನದ ಪುಸ್ತಕ ಮುಂದಿಟ್ಟುಕೊಂಡು ಕೇಳು.

ಲೈಕಮಿಂಗ್ ಕಂಪನಿಯೇ ಹೇಳಿರುವುದು ಇದೆ: ನೆಲದ ಮೇಲೆ 1000ದಿಂದ 1200 ಆರ್‌ಪಿಎಂನಲ್ಲಿ ಇಡಿ. ಎಂಜಿನ್ ನಿಲ್ಲಿಸುವ ಮುಂಚೆ 1800ಕ್ಕೆ ಏರಿಸಿ 15-20 ಸೆಕೆಂಡ್ ಬಿಟ್ಟು, 1200ಕ್ಕೆ ಇಳಿಸಿ, ಮಿಕ್ಸ್ಚರ್ ಎಳೆದು ನಿಲ್ಲಿಸಿ. ಈ ಒಂದು ಅಭ್ಯಾಸದಿಂದಲೇ ಬಹಳ ಪ್ಲಗ್ ಉಳಿಯುತ್ತದೆ.

ಮಳೆಗಾಲದಲ್ಲಿ ನಿಂತಲ್ಲೇ ಓಡಿಸುವುದನ್ನು ದಯವಿಟ್ಟು ನಿಲ್ಲಿಸಲು ಹೇಳು. ಒಳ್ಳೆ ಮನಸ್ಸಿನಿಂದ ಮಾಡುತ್ತಾರೆ, ಆದರೆ ಎಂಜಿನ್ನಿಗೆ ಅದರಿಂದ ಕೆಟ್ಟದ್ದೇ. ಉರಿದಾಗ ಹುಟ್ಟುವ ನೀರಾವಿ ಎಣ್ಣೆಗೆ ಸೇರುತ್ತದೆ, ಎಣ್ಣೆ 75 ಡಿಗ್ರಿ ದಾಟಿ ಅರ್ಧ ಗಂಟೆ ಹಾರಿದರೆ ಮಾತ್ರ ಅದು ಹೋಗುತ್ತದೆ. ನಿಂತಲ್ಲಿ ಅಷ್ಟು ಬಿಸಿಯಾಗುವುದಿಲ್ಲ. ಪ್ಲಗ್ಗಿಗೆ ಸೀಸ, ಕ್ಯಾಮ್‌ಶಾಫ್ಟಿಗೆ ತುಕ್ಕು. ಹಾರಲು ಆಗುವುದಿಲ್ಲ ಅಂದರೆ ಮುಟ್ಟದೇ ಇರುವುದು ವಾಸಿ, ತಿಂಗಳುಗಟ್ಟಲೆ ಆದರೆ ಸರಿಯಾಗಿ ಪ್ರಿಸರ್ವೇಶನ್ (ತುಕ್ಕು ಹಿಡಿಯದ ಹಾಗೆ ಕಾಪಿಡುವುದು) ಮಾಡಿಸಬೇಕು.

ಇನ್ನು ಸುಟ್ಟು ಸರಿ ಮಾಡಿ ಹಾರುವ ಬಗ್ಗೆ. ಒಂದು ದಿನ ಹಾಗಾಯಿತು, ಲೀನ್ ಮಾಡಿ 1800-2000ದಲ್ಲಿ ಸ್ವಲ್ಪ ಹೊತ್ತು ಓಡಿಸಿದೆವು, ಎರಡೂ ಮ್ಯಾಗ್ನೆಟೊ ಮಿತಿಯೊಳಗೆ ನಯವಾಗಿ ಬಂತು, ಸರಿ. ಆಗಲೂ ಸಿಲಿಂಡರ್ ಹೆಡ್ ಟೆಂಪರೇಚರ್ ಮೇಲೆ ಕಣ್ಣಿರಬೇಕು, ಹಿಂದೆ ಜನ, ಮುಂದೆ ಜಲ್ಲಿಕಲ್ಲು ಇರಬಾರದು. ದಿನಾ ಬೆಳಿಗ್ಗೆ ಅದೇ ಮ್ಯಾಗ್ನೆಟೊ ಮೇಲೆ ಅದೇ ನಡುಕ ಅಂದರೆ ಅದು ಸ್ನ್ಯಾಗ್, ಅಂದರೆ ದೋಷ. ಲಾಗ್‌ನಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಎಂಜಿನಿಯರಿಗೆ ಗೊತ್ತಾಗುವುದು ಹೇಗೆ? ನಿನ್ನ ನಂತರ ಅದೇ ವಿಮಾನದಲ್ಲಿ ಇನ್ನೊಬ್ಬ ಹುಡುಗ ಮೊದಲ ಸೋಲೋ ಹೋಗುತ್ತಾನೆ.

ಹೊಸನಗರದ ಹುಡುಗಿ:

ಅಲ್ಲಿಂದ ಫೋನ್ ಬಂದಿತ್ತು. 4ರ ಎಕ್ಸಾಸ್ಟ್ ತಣ್ಣಗಿತ್ತಂತೆ. ಕೆಳಗಿನ ಪ್ಲಗ್ ಬಿಚ್ಚಿದರೆ ಸಂದಿಯ ಒಂದು ಬದಿ ಪೂರ್ತಿ ಬೂದು ಗುಂಡುಗಳು, ಎರಡು ಒಂದಕ್ಕೊಂದು ಅಂಟಿಕೊಂಡು ಎಲೆಕ್ಟ್ರೋಡಿಗೆ ತಾಗಿದ್ದವು. ಎಣ್ಣೆ ಇಲ್ಲ, ಪಿಂಗಾಣಿ ಸರಿ ಇದೆ. ಫೋಟೊ ಕಳಿಸಿದ್ದಾರೆ. 2ರದ್ದೂ ಅರ್ಧ ತುಂಬಿತ್ತು. ನಿಂತಲ್ಲೇ ಓಡಿಸುವುದನ್ನು ಬಿಡುವ ಬಗ್ಗೆಯೂ ಮಾತಾಡುತ್ತಾರಂತೆ.

ತೀರ್ಥಹಳ್ಳಿ ಗ್ಯಾರೇಜ್:

ಭಾರಿ ಖುಷಿ ಆಯ್ತು ಮೇಡಂ. ಆ ಸೀಸ ತೆಗೆಯುವುದು ಹೇಗೆ ಸರ್? ನಾನು ತಂತಿ ಬ್ರಷ್ ಹಾಕಿ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಹಾಕಿಬಿಡುತ್ತೇನೆ.

ಸಾಗರದ ಎಎಂಇ:

ಇಲ್ಲಿ ಮಾತ್ರ ನಿಮ್ಮ ದಾರಿ ಬೇಡ ಮಾರಾಯ್ರೇ. ತಂತಿ ಬ್ರಷ್ ಪಿಂಗಾಣಿಗೆ ತಾಗಿದರೆ ಲೋಹದ ಗೆರೆ ಉಳಿಯುತ್ತದೆ, ಕಿಡಿ ಆ ಗೆರೆ ಹಿಡಿದೇ ಹೋಗುತ್ತದೆ. ಸೀಸ ಪೆಟ್ರೋಲಿಗೆ ಕರಗುವುದೂ ಇಲ್ಲ. ಅದಕ್ಕೆ ಕಂಪಿಸುವ ಸಣ್ಣ ಮೊನೆಯ ಸಾಧನ ಇದೆ, ಅದರಿಂದ ಒಂದೊಂದೇ ಗುಂಡು ಬಿಡಿಸಬೇಕು. ಆಮೇಲೆ ಬೇಕಾದರೆ ಸ್ವಲ್ಪ ಹೊತ್ತು ಮಾತ್ರ ಗ್ರಿಟ್ ಬ್ಲಾಸ್ಟ್ (ಸಣ್ಣ ಹರಳು ರಭಸದಿಂದ ಹೊಡೆಯುವುದು), ಗಾಳಿ ಹೊಡೆದು ಸ್ವಚ್ಛ. ಗ್ಯಾಪ್ ನೋಡಿ, ಒತ್ತಡದಲ್ಲಿ ಕಿಡಿ ಬರುತ್ತದಾ ಅಂತ ಟೆಸ್ಟರಿನಲ್ಲಿ ನೋಡಿ, ಆಮೇಲೆ ಹಾಕುವುದು. ತೆಗೆದ ಪುಡಿ ಸೀಸದ್ದು, ಬರಿಗೈಯಲ್ಲಿ ಮುಟ್ಟಬಾರದು, ಊಟಕ್ಕೆ ಮುಂಚೆ ಕೈ ಸೋಪು ಹಾಕಿ ತೊಳೆಯಬೇಕು.

ಹಾಕುವಾಗ ತಾಮ್ರದ ಗ್ಯಾಸ್ಕೆಟ್ ಹೊಸದು. ಥ್ರೆಡ್ಡಿಗೆ ಆಂಟಿ-ಸೀಝ್ ಸ್ವಲ್ಪ, ತುದಿಯ ಮೊದಲ ಸುತ್ತಿಗೆ ಬೇಡ, ಅದು ಕರಗಿ ಎಲೆಕ್ಟ್ರೋಡಿಗೆ ಇಳಿಯುತ್ತದೆ. ಟಾರ್ಕ್ ರೆಂಚಿನಲ್ಲಿ 35 ಅಡಿ-ಪೌಂಡ್, ಕೈ ಅಂದಾಜು ಸಾಲದು. ವೈರಿನ ತುದಿಯನ್ನು ಬೆರಳಿಂದ ಮುಟ್ಟಿದರೆ ಬೆವರಿನ ಉಪ್ಪು ಉಳಿಯುತ್ತದೆ, ಒರೆಸಿ ಹಾಕಬೇಕು. ಮೇಲಿನ ಪ್ಲಗ್ಗನ್ನು ಕೆಳಗೆ, ಕೆಳಗಿನದನ್ನು ಮೇಲೆ ಬದಲಿಸುವುದೂ ಈಗಲೇ, ಹಾಗೆ ಮಾಡಿದರೆ ಸವೆತ ಸಮ ಆಗುತ್ತದೆ. ಕೈ ಜಾರಿ ನೆಲಕ್ಕೆ ಬಿದ್ದ ಪ್ಲಗ್ ನೋಡಲು ಎಷ್ಟೇ ಚೆನ್ನಾಗಿರಲಿ, ಎಂಜಿನ್ನಿಗೆ ಹೋಗುವುದಿಲ್ಲ. ಸಹಿ ಹಾಕುವುದು ಲೈಸೆನ್ಸ್ ಇರುವ ಎಂಜಿನಿಯರ್, ಆ ಮೇಲೆ ಒಂದು ಗ್ರೌಂಡ್ ರನ್ ಮಾಡಿ ಎರಡೂ ಮ್ಯಾಗ್ನೆಟೊದ ಅಂಕಿ ಲಾಗ್‌ನಲ್ಲಿ ಬರೆಯಲು ಹೇಳು, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.